ಸ್ಯಾಕೆಟ್ ಕುಟುಂಬದ 17 ಕಾದಂಬರಿಗಳು: ಎಲ್ಲಿಂದ ಓದಲು ಶುರು ಮಾಡಬೇಕು?

ನಾನು ಓದಿದ ಮೊದಲ ಸ್ಯಾಕೆಟ್ ಕಾದಂಬರಿ ‘ದ ಸ್ಯಾಕೆಟ್ ಬ್ರ್ಯಾಂಡ್’. ಬಾಡಿಗೆಗೆ ಪುಸ್ತಕ ಕೊಡುವ ಒಂದು ಪುಟ್ಟ ಲೈಬ್ರರಿಯಲ್ಲಿ ಸಿಕ್ಕಿತ್ತು. ಒಂದೇ ರಾತ್ರಿಯಲ್ಲಿ ಮುಗಿಸಿದೆ. ಅದಾಗಿ ಸುಮಾರು ದಿನಗಳ ಮೇಲೆ ‘ಸ್ಯಾಕೆಟ್’ ಅನ್ನೋ ಪುಸ್ತಕ ಕೈಗೆ ಬಂತು. ಅದರಲ್ಲಿ ಟೆಲ್ ಸ್ಯಾಕೆಟ್ ಅನ್ನುವವನು ಕೊಲರಾಡೋದ ಎತ್ತರದ ಬೆಟ್ಟಗಳ ನಡುವೆ, ಮನುಷ್ಯರೇ ಇಲ್ಲ ಅಂದುಕೊಂಡ ಒಂದು ಕಣಿವೆಯಲ್ಲಿ, ಆ್ಯಂಜ್ ಎಂಬ ಹುಡುಗಿಯನ್ನು ನೋಡುತ್ತಾನೆ. ಬಹಳ ಚೆಂದದ ಭಾಗ ಅದು. ಆದರೆ ಆ್ಯಂಜಳ ಮುಂದಿನ ಕಥೆ ನನಗೆ ಆಗಲೇ ಗೊತ್ತಿತ್ತು. ಮೊದಲ ಭೇಟಿಯ ಸಂತೋಷ ನನಗೆ ಪೂರ್ತಿಯಾಗಿ ಸಿಗಲೇ ಇಲ್ಲ. ಎರಡನೇ ಸಲ ಓದಿ ಅದನ್ನು ವಾಪಸ್ ಪಡೆಯಲು ಆಗೋದಿಲ್ಲ, ಅಲ್ವಾ? ನಿಮಗೆ ಹಾಗಾಗಬಾರದು ಅಂತ ಇಷ್ಟು ವಿವರವಾಗಿ ಬರೆಯುತ್ತಿದ್ದೇನೆ.

ಈ ಸರಣಿ ಗೊತ್ತಿಲ್ಲದವರಿಗೆ ನಾಲ್ಕು ಮಾತು. ಅಮೆರಿಕದ ಲೂಯಿ ಲಮೂರ್ ‘ವೆಸ್ಟರ್ನ್’ ಕಾದಂಬರಿಗಳಿಗೆ, ಅಂದರೆ ಕುದುರೆ, ದನದ ಮಂದೆ, ಬಂದೂಕು, ಬಯಲುಸೀಮೆಯ ಕಥೆಗಳಿಗೆ, ಹೆಸರಾದವರು. ಹುಟ್ಟಿದ್ದು 1908ರಲ್ಲಿ, ಉತ್ತರ ಡಕೋಟಾದ ಜೇಮ್ಸ್‌ಟೌನ್‌ನಲ್ಲಿ. ಅವರು ಸ್ಯಾಕೆಟ್ ಎಂಬ ಒಂದೇ ವಂಶದ ಮೇಲೆ 17 ಕಾದಂಬರಿ ಬರೆದರು. ಮೊದಲನೆಯದು ಬಂದದ್ದು 1960ರಲ್ಲಿ, ಕೊನೆಯದು 1985ರಲ್ಲಿ. ಕಥೆ ನಡೆಯುವ ಕಾಲ ಮಾತ್ರ 1600ರ ಆಸುಪಾಸಿನ ಇಂಗ್ಲೆಂಡಿನಿಂದ 1870ರ ದಶಕದ ಅಮೆರಿಕದ ತನಕ ಚಾಚಿಕೊಂಡಿದೆ. ಒಬ್ಬ ಮೂಲಪುರುಷ, ಅವನ ಮಕ್ಕಳು, ಎಷ್ಟೋ ತಲೆಮಾರು ದಾಟಿದ ಮೇಲೆ ಟೆನೆಸ್ಸಿಯ ಬೆಟ್ಟಗಳಲ್ಲಿ ಬೆಳೆದ ಅಣ್ಣತಮ್ಮಂದಿರು, ದಾಯಾದಿಗಳು. ಎಲ್ಲರದ್ದೂ ಒಂದೇ ರಕ್ತ.

ತೊಡಕು ಏನೆಂದರೆ, ಲೇಖಕರು ಈ ಕಥೆಯನ್ನು ಕಾಲದ ಸಾಲಿನಲ್ಲಿ ಬರೆಯಲಿಲ್ಲ. ಮೊಮ್ಮಕ್ಕಳ ಕಥೆ ಮೊದಲು ಬಂತು, ಮುತ್ತಜ್ಜನ ಕಥೆ 14 ವರ್ಷ ಬಿಟ್ಟು ಬಂತು. ಆದ್ದರಿಂದ ಓದುವವರ ಮುಂದೆ ಎರಡು ದಾರಿ. ಕಥೆಯ ಕಾಲ ಹಿಡಿದು ಓದುವುದು ಒಂದು. ಪುಸ್ತಕ ಬಂದ ಸಾಲಿನಲ್ಲೇ ಓದುವುದು ಇನ್ನೊಂದು. ಇಂಟರ್‌ನೆಟ್ಟಿನಲ್ಲಿ ಹುಡುಕಿದರೆ ಸಿಗುವ ಪಟ್ಟಿ ಹೆಚ್ಚಾಗಿ ಮೊದಲನೆಯದು. ಆನ್‌ಲೈನ್ ಅಂಗಡಿಗಳಲ್ಲೂ ‘ಸ್ಯಾಕೆಟ್ಸ್ 1’ ಅಂತ ಕಂಡರೆ ಅದು 1974ರಲ್ಲಿ ಬಂದ ‘ಸ್ಯಾಕೆಟ್ಸ್ ಲ್ಯಾಂಡ್’. ನಿಜವಾಗಿ ಮೊದಲು ಬಂದ ‘ದ ಡೇಬ್ರೇಕರ್ಸ್’ ಅಲ್ಲಿ ಆರನೆಯದಾಗಿ ಕೂತಿರುತ್ತದೆ. ಒಂದನೇ ನಂಬರ್ ನೋಡಿ ಸುಮ್ನೆ ಕಾರ್ಟಿಗೆ ಹಾಕುವ ಮೊದಲು ಇದು ನೆನಪಿರಲಿ.

ಕಾಲದ ಸಾಲು ಹೀಗಿದೆ. ಸ್ಯಾಕೆಟ್ಸ್ ಲ್ಯಾಂಡ್, ಟು ದ ಫಾರ್ ಬ್ಲೂ ಮೌಂಟನ್ಸ್, ದ ವಾರಿಯರ್ಸ್ ಪಾಥ್, ಜೂಬಲ್ ಸ್ಯಾಕೆಟ್. ಈ ನಾಲ್ಕೂ 17ನೇ ಶತಮಾನದವು. ಆಮೇಲೆ ರೈಡ್ ದ ರಿವರ್. ಅಲ್ಲಿಂದ ಮುಂದೆ ದ ಡೇಬ್ರೇಕರ್ಸ್, ಲ್ಯಾಂಡೋ, ಸ್ಯಾಕೆಟ್, ಮೊಹಾವಿ ಕ್ರಾಸಿಂಗ್, ದ ಸ್ಯಾಕೆಟ್ ಬ್ರ್ಯಾಂಡ್, ದ ಸ್ಕೈ-ಲೈನರ್ಸ್, ದ ಲೋನ್ಲಿ ಮೆನ್, ಮಸ್ಟ್ಯಾಂಗ್ ಮ್ಯಾನ್, ಗ್ಯಾಲೋವೆ, ಟ್ರೆಷರ್ ಮೌಂಟನ್, ರೈಡ್ ದ ಡಾರ್ಕ್ ಟ್ರೇಲ್, ಲೋನ್ಲಿ ಆನ್ ದ ಮೌಂಟನ್. ‘ದ ಕೋರ್ಟಿಂಗ್ ಆಫ್ ಗ್ರಿಸೆಲ್ಡಾ’ ಮತ್ತು ‘ಬೂಟಿ ಫಾರ್ ಎ ಬ್ಯಾಡ್‌ಮ್ಯಾನ್’ ಅಂತ ಎರಡು ಸಣ್ಣಕಥೆಗಳೂ ಇವೆ. ಎರಡೂ ಬೇರೆ ಕಥಾಸಂಕಲನಗಳಲ್ಲಿವೆ. ಅವು ಸಿಕ್ಕಾಗ ಓದಿಕೊಂಡರೆ ಸಾಕು, ಸಾಲು ಕೆಡುವುದಿಲ್ಲ.

ಈ ಸಾಲಿನಲ್ಲೇ ಓದಿದರೆ ಏನು ಸಿಗುತ್ತದೆ? ತುಂಬಾ ಸಿಗುತ್ತದೆ. ಮೂಲಪುರುಷ ಬಾರ್ನಬಸ್ ಸ್ಯಾಕೆಟ್ ಇಂಗ್ಲೆಂಡಿನ ಫೆನ್ಸ್ ಪ್ರದೇಶದವನು. ಅದು ಜೌಗು ನೆಲ, ದೋಣಿಯಲ್ಲಿ ಓಡಾಡುವ ಜನರ ಊರು. ಅಲ್ಲಿ ಅವನಿಗೆ ನೆಲದಲ್ಲಿ ಹಳೇ ಚಿನ್ನದ ನಾಣ್ಯ ಸಿಗುತ್ತವೆ. ಅವನ ಕಷ್ಟವೂ ಅದೃಷ್ಟವೂ ಅಲ್ಲಿಂದ ಒಟ್ಟಿಗೆ ಶುರುವಾಗುತ್ತವೆ. ಎರಡನೇ ಪುಸ್ತಕದ ಹೊತ್ತಿಗೆ ಅವನ ಮೇಲೆ ದೊಡ್ಡ ಅನುಮಾನ ಬಂದಿರುತ್ತದೆ. 1216ರಲ್ಲಿ ಇಂಗ್ಲೆಂಡಿನ ಜಾನ್ ರಾಜನ ಸಾಮಾನು-ಸರಂಜಾಮು ‘ವಾಷ್’ ಎಂಬ ಕೊಲ್ಲಿಯ ಹತ್ತಿರ ನೀರುಪಾಲಾಯಿತು ಅನ್ನೋದು ಚರಿತ್ರೆಯಲ್ಲಿದೆ. ಕಿರೀಟ, ಒಡವೆಗಳೂ ಅದರಲ್ಲಿದ್ದವು ಅಂತ ಜನ ನಂಬಿಕೊಂಡು ಬಂದಿದ್ದಾರೆ. ಬಾರ್ನಬಸನಿಗೆ ಸಿಕ್ಕಿದ್ದು ಆ ನಿಧಿಯೇ ಅಂತ ಅರಮನೆಯವರು ತಿಳಿಯುತ್ತಾರೆ. ಇಲ್ಲ ಅಂದರೆ ಯಾರು ಕೇಳುತ್ತಾರೆ? ಅವನು ದೇಶ ಬಿಟ್ಟು ಓಡಬೇಕಾಗುತ್ತದೆ. ನಿಜವಾದ ಚರಿತ್ರೆಯ ಒಂದು ಎಳೆ ಹಿಡಿದು, ಒಂದು ಸಾಮಾನ್ಯ ಮನೆತನವನ್ನು ಕಡಲಾಚೆ ಕಳಿಸಿದ ರೀತಿ ನನಗೆ ಬಹಳ ಇಷ್ಟ.

ಆಚೆ ದಡದಲ್ಲಿ ಅವನು ಕೆರೊಲಿನಾದ ಕಡಲತೀರದಿಂದ ದೂರದ ನೀಲಿ ಬೆಟ್ಟಗಳ ಕಡೆ ಹೋಗುತ್ತಾನೆ. ಹೆಂಡತಿ ಅಬಿಗೇಲ್ ಜೊತೆಗಿರುತ್ತಾಳೆ. ಕಿನ್, ಯಾನ್ಸ್, ಜೂಬಲ್ ಅನ್ನೋ ಮಕ್ಕಳ ಹೆಸರು ನಿಮಗೆ ಇಲ್ಲಿ ಪರಿಚಯವಾಗುತ್ತದೆ. ‘ದ ವಾರಿಯರ್ಸ್ ಪಾಥ್’ ಕಿನ್ ಮತ್ತು ಯಾನ್ಸ್ ಅವರದು. ‘ಜೂಬಲ್ ಸ್ಯಾಕೆಟ್’ ಹೆಸರೇ ಹೇಳುವಂತೆ ಜೂಬಲನದು. ಇಷ್ಟು ಓದಿಕೊಂಡು 19ನೇ ಶತಮಾನಕ್ಕೆ ಬಂದರೆ, ಟೆನೆಸ್ಸಿಯ ಸ್ಯಾಕೆಟ್ ಹುಡುಗರು ಯಾಕೆ ಹಾಗೆ ಬೆಟ್ಟಕ್ಕೆ ಅಂಟಿಕೊಂಡಿದ್ದಾರೆ, ಒಬ್ಬನಿಗೆ ಕಷ್ಟ ಅಂದರೆ ಎಲ್ಲೆಲ್ಲಿಂದಲೋ ಯಾಕೆ ಓಡಿ ಬರುತ್ತಾರೆ ಅನ್ನೋದರ ಬೇರು ಕಾಣುತ್ತದೆ. ಕ್ಲಿಂಚ್ ಮೌಂಟನ್ ಕಡೆಯ ಸ್ಯಾಕೆಟ್‌ಗಳು, ಅಂದರೆ ನೋಲನ್ ಮತ್ತು ಲೋಗನ್ ಎಂಬ ಅವಳಿಗಳು, ಸ್ವಲ್ಪ ಒರಟು, ಕಾನೂನಿಗೆ ಜಾಸ್ತಿ ತಲೆ ಕೆಡಿಸಿಕೊಳ್ಳದವರು. ಅವರು ಯಾನ್ಸನ ಕಡೆಯವರು. ಮೊದಲೇ ಯಾನ್ಸನನ್ನು ಓದಿದ್ದರೆ ‘ಓ, ಇದು ಆ ಕಡೆಯ ಬುದ್ಧಿ’ ಅಂತ ಅನಿಸದೆ ಇರದು.

ಹಾಗಾದರೆ ಇದೇ ದಾರಿ ಹಿಡಿಯಿರಿ ಅಂತ ನಾನು ಯಾಕೆ ಹೇಳುತ್ತಿಲ್ಲ? ಮೂರು ಕಾರಣ ಇದೆ.

ನೀವು ವೆಸ್ಟರ್ನ್ ಓದಬೇಕು ಅಂತ ಬಂದಿದ್ದರೆ ಮೊದಲ ನಾಲ್ಕು ಪುಸ್ತಕಗಳಲ್ಲಿ ವೆಸ್ಟರ್ನ್ ಇಲ್ಲ. ಹಡಗು ಇದೆ, ಕತ್ತಿ ಇದೆ, ದಟ್ಟ ಕಾಡು ಇದೆ. ದನದ ಮಂದೆ ಇಲ್ಲ, ಸಲೂನ್ (ಅಂದರೆ ಹೆಂಡದಂಗಡಿ) ಇಲ್ಲ, ಧೂಳು ಹಾರುವ ಬಯಲಿಲ್ಲ. ಆಸೆಪಟ್ಟ ಊಟ ಐದನೇ ಎಲೆಗೆ ಬಡಿಸಿದ ಹಾಗೆ. ಎಷ್ಟೋ ಜನ ಅಷ್ಟರಲ್ಲಿ ಎದ್ದು ಹೋಗುತ್ತಾರೆ. ನನ್ನ ಸ್ನೇಹಿತರಲ್ಲೇ ಇಬ್ಬರು ‘ಸ್ಯಾಕೆಟ್ಸ್ ಲ್ಯಾಂಡ್’ ಅರ್ಧಕ್ಕೆ ಬಿಟ್ಟು ಮತ್ತೆ ಈ ಸರಣಿ ಮುಟ್ಟಲಿಲ್ಲ. ಅವರಿಗೆ ‘ದ ಡೇಬ್ರೇಕರ್ಸ್’ ಕೊಟ್ಟಿದ್ದರೆ ಖಂಡಿತ ಮುಂದುವರಿಯುತ್ತಿದ್ದರು.

ಎರಡನೆಯದು ಬರವಣಿಗೆಯ ವೇಗ. 60ರ ದಶಕದ ಪುಸ್ತಕಗಳು ಸಣ್ಣವು, ಇನ್ನೂರು ಪುಟದ ಆಸುಪಾಸು. ಮೊದಲ ಪುಟದಲ್ಲೇ ಏನಾದರೂ ಆಗುತ್ತದೆ. ಕೊನೆಗಾಲದ ಪುಸ್ತಕಗಳಲ್ಲಿ ಲೇಖಕರು ನಿಧಾನಿಸಿದ್ದಾರೆ. ಚರಿತ್ರೆ ಹೇಳುತ್ತಾರೆ, ದಾರಿ ಹೇಳುತ್ತಾರೆ, ಗಿಡಮರ ಹೇಳುತ್ತಾರೆ. ‘ಜೂಬಲ್ ಸ್ಯಾಕೆಟ್’ ಅಂತೂ ದಪ್ಪ ಪುಸ್ತಕ, ತಾಳ್ಮೆ ಬೇಕು. ಕಾಲದ ಸಾಲು ಹಿಡಿದರೆ 77 ವರ್ಷದ ಲೇಖಕನ ಪುಸ್ತಕ ಮುಗಿಸಿ, ಎರಡೇ ಹೆಜ್ಜೆಗೆ 52 ವರ್ಷದವನ ಪುಸ್ತಕಕ್ಕೆ ಬಂದುಬಿಡುತ್ತೀರಿ. ನಡಿಗೆ ತಪ್ಪಿದ ಹಾಗೆ ಅನಿಸುತ್ತದೆ.

ಮೂರನೆಯದು ನಡುವಿನ ಬಯಲು. ಜೂಬಲನಿಗೂ ‘ರೈಡ್ ದ ರಿವರ್’ನ ಎಕೋ ಸ್ಯಾಕೆಟ್‌ಗೂ ನಡುವೆ ಸುಮಾರು 200 ವರ್ಷ ಖಾಲಿ. ಅಮೆರಿಕದ ಸ್ವಾತಂತ್ರ್ಯ ಹೋರಾಟವೆಲ್ಲ ಆ ಖಾಲಿ ಜಾಗದಲ್ಲೇ ಬರುತ್ತದೆ. ಅಲ್ಲಿ ಸ್ಯಾಕೆಟ್‌ಗಳು ಏನು ಮಾಡಿದರು ಅನ್ನೋ ಕಾದಂಬರಿ ಬರಲೇ ಇಲ್ಲ. 1988ರಲ್ಲಿ ಲಮೂರ್ ತೀರಿಕೊಂಡರು. ಕಾಲದ ಸಾಲಿನಲ್ಲಿ ಓದುವವರಿಗೆ ಈ ಕೊರತೆ ಜೋರಾಗಿ ತಗಲುತ್ತದೆ. ಇಷ್ಟು ಹೊತ್ತು ಕೈಹಿಡಿದು ನಡೆಸಿದವರು ಒಮ್ಮೆಲೇ ಕೈ ಬಿಟ್ಟಂತೆ. ಬಂದ ಸಾಲಿನಲ್ಲಿ ಓದಿದರೆ ಹಳೇ ಕಾಲ ಹಳೇ ನೆನಪಿನಂತೆ ಬರುತ್ತದೆ, ನಡುವೆ ಅಂತರ ಇರೋದು ಸಹಜ ಅನಿಸುತ್ತದೆ.

ಒಂದು ಮಾತು ಯೋಚಿಸಿ. ನಮ್ಮಲ್ಲಿ ಯಾರು ಮಹಾಭಾರತವನ್ನು ಶಂತನುವಿನಿಂದ ಶುರು ಮಾಡಿ ಕೇಳಿದ್ದಾರೆ? ಅಜ್ಜಿ ಮೊದಲು ಹೇಳಿದ್ದು ಭೀಮ ಬಕಾಸುರನ ಗಾಡಿ ಅನ್ನ ತಿಂದದ್ದು. ಆಮೇಲೆ ಅಭಿಮನ್ಯು. ಇವರನ್ನೆಲ್ಲ ಹಚ್ಚಿಕೊಂಡ ಮೇಲೆ ‘ಅಜ್ಜಿ, ಇವರ ತಾತ ಯಾರು?’ ಅಂತ ನಾವೇ ಕೇಳಿದೆವು. ಆಗ ಬಂದಿದ್ದು ಗಂಗೆ, ಶಂತನು, ಭೀಷ್ಮ. ಮನೆತನದ ಕಥೆ ಹಾಗೇ ತಿಳಿಯುವುದು ಚೆಂದ. ಎದುರಿಗಿರುವವರು ಮೊದಲು, ಹಿಂದಿನವರು ಆಮೇಲೆ.

ಆದ್ದರಿಂದ ನನ್ನ ಸಲಹೆ: ‘ದ ಡೇಬ್ರೇಕರ್ಸ್’ನಿಂದ ಶುರು ಮಾಡಿ. ಇದರಲ್ಲಿ ಎಲ್ಲವೂ ಇದೆ. ಟೈರೆಲ್ ಮತ್ತು ಅವನ ಅಣ್ಣ ಒರಿನ್, ಹಗೆತನದ ಒಂದು ಘಟನೆಯಿಂದಾಗಿ ಟೆನೆಸ್ಸಿ ಬಿಟ್ಟು ಪಶ್ಚಿಮಕ್ಕೆ ಹೊರಡುತ್ತಾರೆ. ಕಾಲ ಅಮೆರಿಕದ ಅಂತರ್ಯುದ್ಧ ಮುಗಿದ ಮೇಲಿನದು. ಕಥೆ ಹೇಳುವವನು ಟೈರೆಲ್. ಜಾಸ್ತಿ ಮಾತಾಡದ ಹುಡುಗ. ಅಕ್ಷರ ಕಲಿತದ್ದೂ ತಡವಾಗಿ, ದಾರಿಯಲ್ಲಿ. ಅಣ್ಣನಿಗೆ ಹಾಡು ಬರುತ್ತದೆ, ಮಾತು ಬರುತ್ತದೆ, ಜನ ಅವನನ್ನು ಸುಲಭವಾಗಿ ಮೆಚ್ಚುತ್ತಾರೆ. ಟೈರೆಲ್‌ಗೆ ಬಂದೂಕು ಬರುತ್ತದೆ, ಅದರ ಭಾರವೂ ಗೊತ್ತು. ನ್ಯೂ ಮೆಕ್ಸಿಕೋದ ಮೋರಾ ಎಂಬ ಊರಿನಲ್ಲಿ ಇಬ್ಬರೂ ನೆಲೆ ನಿಲ್ಲುವ ಹೊತ್ತಿಗೆ, ಜೊತೆಗೆ ಬಂದಿದ್ದ ಟಾಮ್ ಸಂಡೇ ಎಂಬ ಗೆಳೆಯನ ಜೊತೆಗಿನ ನಂಟು ಮೆಲ್ಲಗೆ ಹಳಸುತ್ತಾ ಹೋಗುತ್ತದೆ. ಓದು ಬಲ್ಲವನು, ಒಳ್ಳೆಯವನು, ಆದರೆ ಕುಡಿತ ಮತ್ತು ಹೊಟ್ಟೆಕಿಚ್ಚು ಅವನನ್ನು ತಿನ್ನುತ್ತವೆ. ಗುಂಡಿನ ಕಾಳಗ ಮರೆತುಹೋದೀತು, ಟಾಮ್ ಸಂಡೇ ಮರೆಯುವುದಿಲ್ಲ.

ಅದಾದ ಮೇಲೆ ಪುಸ್ತಕ ಬಂದ ಸಾಲಿನಲ್ಲೇ ಹೋಗಿ: ಸ್ಯಾಕೆಟ್ (1961), ಲ್ಯಾಂಡೋ (1962), ಮೊಹಾವಿ ಕ್ರಾಸಿಂಗ್ (1964), ದ ಸ್ಯಾಕೆಟ್ ಬ್ರ್ಯಾಂಡ್ (1965), ಮಸ್ಟ್ಯಾಂಗ್ ಮ್ಯಾನ್ (1966), ದ ಸ್ಕೈ-ಲೈನರ್ಸ್ (1967), ದ ಲೋನ್ಲಿ ಮೆನ್ (1969), ಗ್ಯಾಲೋವೆ (1970). ಆಮೇಲೆ 1972ರಲ್ಲಿ ಬಂದ ಟ್ರೆಷರ್ ಮೌಂಟನ್, ರೈಡ್ ದ ಡಾರ್ಕ್ ಟ್ರೇಲ್. ಈ ಹನ್ನೊಂದರಲ್ಲಿ ಕಾಲದ ಸಾಲಿಗೂ ಬಂದ ಸಾಲಿಗೂ ಇರುವ ವ್ಯತ್ಯಾಸ ಬಹಳ ಕಡಿಮೆ. ಲ್ಯಾಂಡೋ ಒಂದು ಹೆಜ್ಜೆ ಆಚೀಚೆ, ಮಸ್ಟ್ಯಾಂಗ್ ಮ್ಯಾನ್ ಎರಡು ಹೆಜ್ಜೆ ಆಚೀಚೆ, ಅಷ್ಟೇ. ಅದಕ್ಕಾಗಿ ಜಗಳ ಆಡಬೇಕಿಲ್ಲ.

ಒಂದು ಪುಸ್ತಕ ಸಿಗಲಿಲ್ಲ ಅಂತ ಕಾಯುತ್ತಾ ಕೂರಬೇಕಾಗಿಯೂ ಇಲ್ಲ. ಆದರೆ ಕೆಲವು ಜೋಡಿಗಳನ್ನು ಮಾತ್ರ ದಯವಿಟ್ಟು ಮುರಿಯಬೇಡಿ. ‘ಸ್ಯಾಕೆಟ್’ ಓದದೆ ‘ದ ಸ್ಯಾಕೆಟ್ ಬ್ರ್ಯಾಂಡ್’ ಮುಟ್ಟಬೇಡಿ. ಯಾಕೆ ಅಂತ ಮೊದಲೇ ಹೇಳಿದೆ. ‘ದ ಲೋನ್ಲಿ ಮೆನ್’ನಲ್ಲಿ ಟೆಲ್‌ನನ್ನು ನಂಬಿಸಿ ಅಪಾಚೆ ಎಂಬ ಮೂಲನಿವಾಸಿಗಳ ಬೆಟ್ಟಕ್ಕೆ ಕಳಿಸುವ ಲಾರಾ ಯಾರು, ಅವಳಿಗೆ ಸ್ಯಾಕೆಟ್‌ಗಳ ಮೇಲೆ ಯಾಕೆ ಅಷ್ಟು ಸಿಟ್ಟು ಅನ್ನೋದು ಗೊತ್ತಾಗಬೇಕಾದರೆ ‘ದ ಡೇಬ್ರೇಕರ್ಸ್’ ಓದಿರಬೇಕು. ಫ್ಲ್ಯಾಗನ್ ಮತ್ತು ಗ್ಯಾಲೋವೆ ಅಣ್ಣತಮ್ಮಂದಿರು. ಅವರನ್ನು ‘ದ ಸ್ಕೈ-ಲೈನರ್ಸ್’ನಲ್ಲಿ ನೋಡಿದ ಮೇಲೆ ‘ಗ್ಯಾಲೋವೆ’ ಓದಿ. ಆಗ ಅಪಾಚೆಗಳಿಂದ ತಪ್ಪಿಸಿಕೊಂಡು ಮೈಮೇಲೆ ಬಟ್ಟೆಯೂ ಇಲ್ಲದೆ ಕಾಡಿನಲ್ಲಿ ತೆವಳುವ ಫ್ಲ್ಯಾಗನ್‌ಗಾಗಿ ಜೀವ ಚುರುಕ್ ಅನ್ನುತ್ತದೆ. ‘ಮೊಹಾವಿ ಕ್ರಾಸಿಂಗ್’ನಲ್ಲಿ ಎದುರು ಪಕ್ಷದಲ್ಲಿ ಕಾಣುವ ನೋಲನ್, ‘ಮಸ್ಟ್ಯಾಂಗ್ ಮ್ಯಾನ್’ನಲ್ಲಿ ತಾನೇ ಕಥೆ ಹೇಳುತ್ತಾನೆ. ದೂರದಿಂದ ನೋಡಿ ಹೆದರಿದ ಮನುಷ್ಯನ ಮನೆಯೊಳಗೆ ಹೋಗಿ ಕೂತ ಹಾಗೆ.

‘ದ ಸ್ಯಾಕೆಟ್ ಬ್ರ್ಯಾಂಡ್’ ಬಗ್ಗೆ ಇನ್ನೊಂದು ಮಾತು ಹೇಳದಿದ್ದರೆ ಸಮಾಧಾನ ಇಲ್ಲ. ಅರಿಜೋನಾದ ಮೊಗಯಾನ್ ಬೆಟ್ಟಸಾಲಿನಲ್ಲಿ ಟೆಲ್ ಒಂಟಿ. ಅವನನ್ನು ಬೇಟೆಯಾಡಲು ದೊಡ್ಡ ಗುಂಪೇ ಬಿದ್ದಿದೆ. ಸುದ್ದಿ ಬಾಯಿಂದ ಬಾಯಿಗೆ ಹರಡುತ್ತದೆ. ಎಲ್ಲೋ ಒಂದು ಊರಲ್ಲಿ ಒಬ್ಬ ಸ್ಯಾಕೆಟ್ ಅದನ್ನು ಕೇಳುತ್ತಾನೆ, ಕುದುರೆಗೆ ಜೀನು ಬಿಗಿಯುತ್ತಾನೆ. ಇನ್ನೆಲ್ಲೋ ಇನ್ನೊಬ್ಬ. ಅಷ್ಟು ಹೊತ್ತಿಗೆ ಟೈರೆಲ್, ಒರಿನ್, ಲ್ಯಾಂಡೋ ನಿಮಗೆ ಮನೆಯವರಂತೆ ಆಗಿರುತ್ತಾರೆ. ಈ ಒಂದು ಪುಸ್ತಕದ ಪೂರ್ತಿ ಬಲ ಬೇಕು ಅಂದರೆ ಹಿಂದಿನ ನಾಲ್ಕನ್ನು ಓದಿರಲೇಬೇಕು. ನಾಲ್ಕೂ ಸೇರಿ ಒಂದೆರಡು ವಾರದ ಓದು.

1972ರ ನಂತರ ಬಂದ ಸಾಲನ್ನೇ ಹಿಡಿದು ಹೋದರೆ ಕಾಲು ಎಡವುತ್ತದೆ. 1974 ಮತ್ತು 1976ರಲ್ಲಿ ಬಂದವು ಬಾರ್ನಬಸನ ಕಥೆ. 1980ರಲ್ಲಿ ಎರಡು ಬಂದವು: ಒಂದು 17ನೇ ಶತಮಾನದ್ದು, ಇನ್ನೊಂದು ದನ ಹೊಡೆದುಕೊಂಡು ಕೆನಡಾದ ಬೆಟ್ಟಗಳಿಗೆ ಹೋಗುವ ‘ಲೋನ್ಲಿ ಆನ್ ದ ಮೌಂಟನ್’. 1983ರಲ್ಲಿ 19ನೇ ಶತಮಾನ, 1985ರಲ್ಲಿ ಮತ್ತೆ 17ನೆಯದು. ಇಲ್ಲಿ ಬಂದ ಸಾಲು ಬಿಟ್ಟುಬಿಡಿ. ‘ರೈಡ್ ದ ಡಾರ್ಕ್ ಟ್ರೇಲ್’ ಮುಗಿದ ಕೂಡಲೇ ‘ಲೋನ್ಲಿ ಆನ್ ದ ಮೌಂಟನ್’ ಓದಿ ಅಣ್ಣತಮ್ಮಂದಿರ ಕಥೆ ಮುಗಿಸಿ. ಆಮೇಲೆ ‘ರೈಡ್ ದ ರಿವರ್’. ಟೆನೆಸ್ಸಿಯ 16 ವರ್ಷದ ಹುಡುಗಿ ಎಕೋ, ಬರಬೇಕಾದ ಆಸ್ತಿ ಹಣ ತರಲು ಒಬ್ಬಳೇ ಫಿಲಡೆಲ್ಫಿಯಾಕ್ಕೆ ಹೋಗುತ್ತಾಳೆ. ಹಣ ಹಿಡಿದು ವಾಪಸ್ ಬರುವಾಗ ಕಳ್ಳರು ಬೆನ್ನು ಹತ್ತುತ್ತಾರೆ. ಇಡೀ ಸರಣಿಯಲ್ಲಿ ಹೆಣ್ಣೊಬ್ಬಳು ನಾಯಕಿಯಾಗಿ ತನ್ನ ಕಥೆ ಹೇಳುವುದು ಇದೊಂದರಲ್ಲೇ. ಹದಿಹರೆಯದ ಮಕ್ಕಳಿಗೆ ಕೊಡಲು ನಾನು ಇದನ್ನೇ ಆರಿಸುತ್ತೇನೆ. ಹಿಂದುಮುಂದು ಗೊತ್ತಿಲ್ಲದೆಯೂ ಓದಬಹುದು. ಕೊನೆಗೆ 17ನೇ ಶತಮಾನದ ನಾಲ್ಕನ್ನು ಅವುಗಳ ಕಾಲದ ಸಾಲಿನಲ್ಲೇ ಓದಿ.

ಹದಿನೇಳು ಓದುವ ಬಿಡುವಿಲ್ಲ ಅನ್ನುವವರಿಗೆ ಒಬ್ಬನೇ ಮನುಷ್ಯನನ್ನು ಹಿಡಿಯುವ ದಾರಿಯೂ ಇದೆ. ಟೆಲ್‌ನದು ಸರಣಿಯ ಅತಿ ತುಂಬಿದ ಬದುಕು. ಅವನು ಅಂತರ್ಯುದ್ಧದಲ್ಲಿ ಕಾದಾಡಿ ಬಂದವನು, ಒರಿನ್ ಮತ್ತು ಟೈರೆಲ್‌ಗೆ ಅಣ್ಣ, ಮೂವರಲ್ಲಿ ಹಿರಿಯ. ಸ್ಯಾಕೆಟ್, ಮೊಹಾವಿ ಕ್ರಾಸಿಂಗ್, ದ ಸ್ಯಾಕೆಟ್ ಬ್ರ್ಯಾಂಡ್, ದ ಲೋನ್ಲಿ ಮೆನ್, ಟ್ರೆಷರ್ ಮೌಂಟನ್, ಲೋನ್ಲಿ ಆನ್ ದ ಮೌಂಟನ್. ಆರು ಪುಸ್ತಕ. ಇವುಗಳ ಮೊದಲಿಗೆ ‘ದ ಡೇಬ್ರೇಕರ್ಸ್’ ಸೇರಿಸಿಕೊಂಡರೆ ಏಳು. ಟ್ರೆಷರ್ ಮೌಂಟನ್‌ನಲ್ಲಿ ಟೆಲ್ ಮತ್ತು ಒರಿನ್ ಎಷ್ಟೋ ವರ್ಷದ ಹಿಂದೆ ಹೋದವನು ವಾಪಸ್ ಬಾರದ ಅಪ್ಪನ ಜಾಡು ಹುಡುಕುತ್ತಾ ನ್ಯೂ ಆರ್ಲಿಯನ್ಸಿಗೆ ಹೋಗುತ್ತಾರೆ. ಅದನ್ನು ಮಾತ್ರ ಅವಸರದಲ್ಲಿ ಓದಬೇಡಿ.

ಲಮೂರ್ ಇನ್ನೂ ಎರಡು ವಂಶ ಕಟ್ಟಿದ್ದಾರೆ, ಚಾಂಟ್ರಿ ಮತ್ತು ಟ್ಯಾಲನ್. ‘ರೈಡ್ ದ ರಿವರ್’ನಲ್ಲಿ ಚಾಂಟ್ರಿಗಳು ಬರುತ್ತಾರೆ. ‘ರೈಡ್ ದ ಡಾರ್ಕ್ ಟ್ರೇಲ್’ನಲ್ಲಿ ಲೋಗನ್ ಕಾಪಾಡುವ ಮುದುಕಿ ಎಮ್ ಟ್ಯಾಲನ್ ಹುಟ್ಟಿದ್ದು ಸ್ಯಾಕೆಟ್ ಮನೆಯಲ್ಲಿ. ಆ ವಂಶಗಳ ಪುಸ್ತಕಗಳನ್ನು ನಡುನಡುವೆ ಸೇರಿಸಿ ಒಂದೇ ಉದ್ದ ಪಟ್ಟಿ ಮಾಡುವವರಿದ್ದಾರೆ. ಮೊದಲ ಓದಿಗೆ ಅದು ಬೇಡ, ಹೆಸರುಗಳೇ ಕಲಸಿಹೋಗುತ್ತವೆ. 1979ರಲ್ಲಿ ‘ದ ಸ್ಯಾಕೆಟ್ಸ್’ ಎಂಬ ಟೀವಿ ಚಿತ್ರ ಬಂತು. ಸ್ಯಾಮ್ ಎಲಿಯಟ್, ಟಾಮ್ ಸೆಲೆಕ್, ಜೆಫ್ ಆಸ್ಟರ್‌ಹೇಜ್ ಮೂವರು ಅಣ್ಣತಮ್ಮಂದಿರು. ಅದು ಮೊದಲೆರಡು ಪುಸ್ತಕಗಳನ್ನು ಒಂದಾಗಿ ಹೆಣೆದದ್ದು. ಆ ಎರಡನ್ನು ಓದಿಯಾದ ಮೇಲೆ ನೋಡಿ.

ಈ ದಾರಿಗಳ ಪ್ರಶ್ನೆ ಸ್ಯಾಕೆಟ್‌ಗಳದ್ದು ಮಾತ್ರ ಅಲ್ಲ. ಲ್ಯಾರಿ ಮಕ್‌ಮರ್ಟ್ರಿ ಅವರ ‘ಲೋನ್ಸಮ್ ಡವ್’ 1985ರಲ್ಲಿ ಬಂತು. ಅದೇ ನಾಯಕರ ಎಳೆಯ ವಯಸ್ಸಿನ ಕಥೆಗಳು 1995 ಮತ್ತು 1997ರಲ್ಲಿ ಬಂದವು. ಅಲ್ಲೂ ನಾನು ಮೊದಲು ಬಂದದ್ದನ್ನೇ ಮೊದಲು ಓದಿ ಅನ್ನುತ್ತೇನೆ. ವಯಸ್ಸಾದ ಗಸ್ ಮತ್ತು ಕಾಲ್ ಮನಸ್ಸಿಗೆ ಹತ್ತಿದ ಮೇಲೆ ಅವರ ಯೌವನ ಓದಿದರೆ ಅದರ ತೂಕವೇ ಬೇರೆ.

ಕಾಲದ ಸಾಲಿನ ಪರವಾಗಿ ಒಂದು ವಾದ ಮಾತ್ರ ನನ್ನನ್ನು ನಿಜವಾಗಿ ಯೋಚನೆಗೆ ಹಚ್ಚುತ್ತದೆ. ಅದು ಮೂಲನಿವಾಸಿಗಳ ವಿಷಯ. 60ರ ದಶಕದ ಪುಸ್ತಕಗಳಲ್ಲಿ ಅಪಾಚೆಗಳು ಹೆಚ್ಚಾಗಿ ಎದುರಾಳಿಗಳು. ಹೋರಾಟಗಾರರಾಗಿ ಅವರ ಮೇಲೆ ಗೌರವ ಇದೆ, ಆದರೆ ಅವರ ಮನೆಯೊಳಗೆ ಕಥೆ ಹೋಗುವುದಿಲ್ಲ. ‘ಜೂಬಲ್ ಸ್ಯಾಕೆಟ್’ನಲ್ಲಿ ಜೂಬಲನ ದಾರಿಯ ಜೊತೆಗಾರ ಕೀಓಕೋಟಾ ಕಿಕಾಪೂ ಕುಲದವನು. ಜೂಬಲ್ ಹುಡುಕುತ್ತಾ ಹೋಗುವ ಇಚಾಕೋಮಿ ನ್ಯಾಚೆಜ್ ಜನರ ದೊಡ್ಡ ಮನೆತನದ ಹೆಣ್ಣು, ತನ್ನ ಜನಕ್ಕಾಗಿ ತಾನೇ ತೀರ್ಮಾನ ಮಾಡುವವಳು. ಇದನ್ನು ಮೊದಲು ಓದಿದವರಿಗೆ ಆ ನೆಲ ಖಾಲಿ ಇರಲಿಲ್ಲ ಅನ್ನೋದು ಮನಸ್ಸಿನಲ್ಲಿ ಕೂತಿರುತ್ತದೆ. ಮುಂದಿನ ಪುಸ್ತಕಗಳನ್ನು ಅವರು ಬೇರೆ ಕಣ್ಣಿನಿಂದ ಓದುತ್ತಾರೆ. ನಿಮಗೆ ಈ ವಿಷಯ ಮುಖ್ಯ ಅನಿಸಿದರೆ, ಮತ್ತು ನಿಧಾನದ ಓದು ಬೇಸರ ತರದಿದ್ದರೆ, ಬಾರ್ನಬಸನಿಂದಲೇ ಶುರು ಮಾಡಿ. ಅದು ತಪ್ಪಲ್ಲ. ಐತಿಹಾಸಿಕ ಕಾದಂಬರಿ ಇಷ್ಟಪಡುವವರಿಗೂ ಅದೇ ಸರಿ.

ನಾನು ಹೇಳಿದ ದಾರಿಯಲ್ಲಿ ‘ಜೂಬಲ್ ಸ್ಯಾಕೆಟ್’ ಕೊನೆಗೆ ಬರುತ್ತದೆ. ನಾನೂ ಅದನ್ನು ಕೊನೆಗೇ ಓದಿದ್ದು. ಜೂಬಲ್ ಅಪ್ಪನ ಬೆಟ್ಟ ಬಿಟ್ಟು, ದೊಡ್ಡ ನದಿ ದಾಟಿ, ಬಯಲು ದಾಟಿ ಪಶ್ಚಿಮಕ್ಕೆ ನಡೆಯುತ್ತಾನೆ. ಒಂದು ದಿನ ಅವನೆದುರು ರಾಕಿ ಬೆಟ್ಟಗಳು ಏಳುತ್ತವೆ. ಆಗ ನನಗೆ ನೆನಪಾದದ್ದು ಟೆಲ್. ಇನ್ನೂ 200 ವರ್ಷಕ್ಕೂ ಹೆಚ್ಚು ಕಾಲ ಕಳೆದ ಮೇಲೆ ಕುದುರೆ ಏರಿ ಇದೇ ಬೆಟ್ಟಗಳಿಗೆ ಬರುವವನು. ಜೂಬಲನಿಗೆ ಅದು ಗೊತ್ತಿಲ್ಲ, ಓದುತ್ತಿದ್ದ ನನಗೆ ಗೊತ್ತಿತ್ತು. ಪುಸ್ತಕ ಮಡಿಲಲ್ಲಿಟ್ಟುಕೊಂಡು ಸುಮಾರು ಹೊತ್ತು ಕೂತಿದ್ದೆ.